ಟ್ರಂಕಿನಲ್ಲಿದ್ದ ಇನ್ನೊಂದು ಜನನ ಪತ್ರ

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಹೊಸ ಅಳತೆ ಬಂದಾಗ ಹಳೆಯ ಪೇಪರಿನ ಮೇಲೆ ಗೆರೆ ಎಳೆದು, ತೋಳು ಬೇರೆ, ಬೆನ್ನು ಬೇರೆ ಕತ್ತರಿಸಿಕೊಂಡು, ಅದನ್ನು ಬಟ್ಟೆಯ ಮೇಲಿಟ್ಟು ಕತ್ತರಿ ಆಡಿಸುತ್ತೇನೆ. ನನ್ನ ಮಗಳು ಅಕ್ಷರ ಕಲಿತದ್ದು ಆ ಪೇಪರಿನ ಚೂರುಗಳಲ್ಲಿ. ಯಾರೂ ಕಲಿಸಲಿಲ್ಲ. ಮೂರು ತುಂಬಿದ ಮೇಲೆ ಒಂದು ದಿನ ಮಿಷನ್ನಿನ ಕೆಳಗೆ ಕೂತು ಒಂದು ತೋಳನ್ನು ಓದುತ್ತಿದ್ದಳು. ನಾಲೆಗೆ ನೀರು ಬಿಡುವ ಸುದ್ದಿ. ಅರ್ಧ ವಾಕ್ಯಕ್ಕೆ ತೋಳು ಮುಗಿದುಹೋಗಿತ್ತು.

“ಅಮ್ಮ, ಆಮೇಲೆ ರೈತರು ಏನಂದ್ರು? ಮಿಕ್ಕಿದ್ದೆಲ್ಲಿ?”

ಮಿಕ್ಕಿದ್ದು ಚಿಂದಿ ಚೀಲದಲ್ಲಿತ್ತು. ಹುಡುಕಿ ಕೊಟ್ಟೆ. ಎರಡು ಚೂರನ್ನೂ ಜೋಡಿಸಿಟ್ಟುಕೊಂಡು ಓದಿ ಮುಗಿಸಿದಳು. ಆವತ್ತು ಖುಷಿಯಾಯಿತು ಎಂದರೆ ಸುಳ್ಳಾಗುತ್ತದೆ. ನನಗೆ ಹೆದರಿಕೆಯಾಯಿತು. ಹಾಗೆ ಹೆದರುವುದಕ್ಕೆ ನನಗೊಂದು ಕಾರಣವೂ ಇತ್ತು.

ನಾವಿರುವುದು ಪಾಂಡವಪುರದಲ್ಲಿ, ಬಾಡಿಗೆ ಮನೆ. ನನ್ನ ಗಂಡ ಹಾಲಿನ ವ್ಯಾನ್ ಓಡಿಸುತ್ತಾರೆ. ಬೂಕನಕೆರೆ ಕಡೆಯ ಊರಿನಲ್ಲಿದ್ದ ಗದ್ದೆಯನ್ನು ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಬೇರೆಯವರಿಗೆ ವಾರಕ್ಕೆ ಕೊಟ್ಟು ಅತ್ತೆ ಮಾವ ನಮ್ಮ ಜೊತೆಗೇ ಬಂದಿದ್ದರು. ಮೊಮ್ಮಗಳು ಓದುತ್ತಾಳೆ ಎಂದು ಗೊತ್ತಾದದ್ದೇ ತಡ, ಮಾವನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಟೀ ಅಂಗಡಿಗೆ ಹೋಗುವುದು, ಪೇಪರು ಕೊಡುವುದು, ಓದಿಸುವುದು. ಬಾಯಿಪಾಠ ಮಾಡಿಸಿರಬೇಕು ಎಂದು ಯಾರೋ ಪುಟ ತಿರುಗಿಸಿ ಕೊಟ್ಟರೆ ಅದನ್ನೂ ಓದುತ್ತಿದ್ದಳು. ನಿಧನ ವಾರ್ತೆಯ ಕಾಲಂ ಬಂದರೂ ಅದೇ ದನಿ, ಅದೇ ಸ್ಪಷ್ಟತೆ. ಅತ್ತೆ ದಿನಾ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲ, ದೃಷ್ಟಿ ಬಲವಾಗಿ ತಾಕಿದೆ ಎನ್ನುತ್ತಿದ್ದರು.

ಜೂನಿನಲ್ಲಿ ಹತ್ತಿರದ ಒಂದು ಶಾಲೆಯಲ್ಲಿ ಎಲ್‌ಕೆಜಿಗೆ ಹಾಕಿದೆವು. ಆಗ ಅವಳಿಗೆ ನಾಲ್ಕೂವರೆ ವರ್ಷ. ಮಿಸ್ಸು ಹಲಗೆಯ ಮೇಲೆ ಅ ಆ ಬರೆಯುತ್ತಿದ್ದರೆ ಇವಳು ಗೋಡೆಗೆ ಅಂಟಿಸಿದ ಬೆಂಕಿ ಅನಾಹುತದ ಸೂಚನೆಗಳನ್ನು ಗಟ್ಟಿಯಾಗಿ ಓದಿದಳಂತೆ. ಎರಡು ಸಲ ಬೈದರು. ಮೂರನೇ ಸಲ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಅಲ್ಲಿಂದ ಮುಂದೆ ದಿನವೂ ಅದೇ ಪಾಠವಾಯಿತು. ಅವಳು ಅಳಲಿಲ್ಲ, ದೂರು ಹೇಳಲಿಲ್ಲ. ಹುಬ್ಬು ಕೀಳುವುದನ್ನು ಕಲಿತಳು. ಊಟಕ್ಕೆ ಕೂತಾಗ, ಜಡೆ ಹಾಕುವಾಗ, ಎರಡು ಬೆರಳು ತಾವಾಗಿಯೇ ಹುಬ್ಬಿಗೆ ಹೋಗುತ್ತಿದ್ದವು. ಹದಿನೈದು ದಿನಕ್ಕೆ ಬಲಗಡೆಯ ಹುಬ್ಬು ಅರ್ಧ ಇರಲಿಲ್ಲ. ಶಾಲೆ ಬಿಡಿಸಿದೆವು.

ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಿ ಎಂದು ಕೇಳಲು ನಾನೂ ಮಾವನೂ ಅವಳನ್ನು ಕರೆದುಕೊಂಡು ತಿರುಗಿದ ಬಸ್ಸುಗಳಿಗೆ ಲೆಕ್ಕವಿಲ್ಲ. ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಹೆಡ್‌ಮಾಸ್ಟರು ನಾಲ್ಕನೇ ಕ್ಲಾಸಿನ ಪುಸ್ತಕ ಕೊಟ್ಟರು. ಓದಿದಳು. ಸಂಭ್ರಮದಿಂದ ಬೇರೆ ಮೇಷ್ಟರನ್ನೆಲ್ಲ ಕರೆದು ಇನ್ನೊಂದು ಪಾಠ ಓದಿಸಿದರು. ಆಮೇಲೆ ಹುಟ್ಟಿದ ತಾರೀಕು ಕೇಳಿ ಪುಸ್ತಕ ವಾಪಸ್ ಇಸಕೊಂಡರು. ಕೆ.ಆರ್. ಪೇಟೆಯಲ್ಲೂ ಅದೇ ಕತೆ. ನಾಗಮಂಗಲದ ಮೇಡಂ ಒಬ್ಬರು ಮಾತ್ರ ಕೂರಿಸಿ, ನೀರು ಕೊಟ್ಟು, ನೇರವಾಗಿ ಹೇಳಿದರು.

“ಆರು ತುಂಬ್ದೆ ಕಂಪ್ಯೂಟ್ರು ತಗಳಲ್ಲ ಕಣಮ್ಮ. ನಿಮ್ಮಗು ಬುದ್ಧಿವಂತೆ ಅಂತ ಅದಕ್ಕೆ ಗೊತ್ತಾಗಲ್ಲ. ಮನೇಲಿಟ್ಕಂಡು ಎರಡು ವರ್ಷ ಬಿಟ್ಟು ಬನ್ನಿ.”

ಎರಡು ವರ್ಷ! ಎರಡು ವರ್ಷ ಬಿಟ್ಟರೆ ಈ ಮಗುವಿನ ಮುಖದ ಮೇಲೆ ಒಂದು ಕೂದಲು ಉಳಿಯುವುದಿಲ್ಲ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡು ಎದ್ದೆ. ಮಾವ ಮನೆಗೆ ಬಂದವರೇ ಕಾಲು ಕೂಡ ತೊಳೆಯದೆ ಮಂಚದ ಕೆಳಗಿನ ಟ್ರಂಕನ್ನು ಎಳೆದರು.

ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಇವಳಿಗಿಂತ ಮೊದಲು ನನಗೆ ಇನ್ನೊಬ್ಬಳಿದ್ದಳು. ಸಂಕ್ರಾಂತಿ ಕಳೆದ ಮರುವಾರ ಹುಟ್ಟಿ, ಅದೇ ವರ್ಷ ಕಾರ್ತಿಕದಲ್ಲಿ ಹೋದಳು. ಹತ್ತು ತಿಂಗಳು. ಜ್ವರ ನೆತ್ತಿಗೇರಿ ಫಿಟ್ಸ್ ಬಂತು, ಮಂಡ್ಯದ ಆಸ್ಪತ್ರೆ ಸೇರುವಷ್ಟರಲ್ಲಿ ನನ್ನ ಮಡಿಲಲ್ಲೇ ತಣ್ಣಗಾದಳು. ಎಳೆಗೂಸನ್ನು ಸುಡುವುದಿಲ್ಲ. ಊರಿನ ಗದ್ದೆಯ ಬದುವಿನ ಪಕ್ಕ ಮಣ್ಣು ಮಾಡಿದರು. ಅವಳಿಗೆ ಹೆಸರೇ ಇರಲಿಲ್ಲ. ನಮ್ಮ ಮನೆಯಲ್ಲಿ ಮೇಲುಕೋಟೆ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟ ಮೇಲೆಯೇ ಹೆಸರು, ಅಲ್ಲಿಯವರೆಗೆ ಕೂಸು, ಪಾಪು ಅಷ್ಟೆ. ಆಸ್ಪತ್ರೆಯಲ್ಲಿ ಹುಟ್ಟಿದ್ದಳಾದ್ದರಿಂದ ಜನನ ಪತ್ರ ಬಂದಿತ್ತು, ಹೆಸರಿನ ಜಾಗ ಖಾಲಿ. ಹೋದದ್ದನ್ನು ಮಾತ್ರ ಯಾರೂ ಎಲ್ಲೂ ಬರೆಸಲಿಲ್ಲ. ಹೆಸರಿಲ್ಲದ ಕೂಸಿಗೆ ಎಂಥ ಮರಣ ಪತ್ರ ಎಂದರು ಊರವರು. ನನಗೂ ಆಗ ಕಾಗದದ ಯೋಚನೆ ಇರಲಿಲ್ಲ.

ಮುಂದಿನ ವರ್ಷ ಧನುರ್ಮಾಸದಲ್ಲಿ ಇವಳು ಹುಟ್ಟಿದಳು. ಇವಳಿಗೂ ಹಾಗೆಯೇ ಹೆಸರಿಲ್ಲದ ಜನನ ಪತ್ರ. ಆಮೇಲೆ ಮುಡಿ ಕೊಟ್ಟು ಹೆಸರಿಟ್ಟೆವು, ಕಾಗದಕ್ಕೆ ಸೇರಿಸಲಿಲ್ಲ. ಮುಂದೆ ಸ್ಕೂಲಿಗೆ ಸೇರಿಸುವಾಗ ನೋಡಿಕೊಂಡರಾಯಿತು ಎಂದು.

ಮಾವ ಎರಡು ಪತ್ರಗಳನ್ನೂ ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

“ನೋಡವ್ವ. ಎಣ್ಣು ಅಂತ ಅದೆ. ಅವ್ವ ಅಪ್ಪನ ಎಸ್ರು ಒಂದೇ. ಮಗೀನ್ ಎಸ್ರಿನ ಜಾಗ ಎರಡ್ರಲ್ಲೂ ಖಾಲಿ. ತಾರೀಕೊಂದು ಬ್ಯಾರೆ, ಅಷ್ಟೇಯ. ಇದ್ರ ಪ್ರಕಾರ ಆರು ತುಂಬಿ ಐದು ತಿಂಗ್ಳಾಯ್ತು.”

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಓಗಿರೋ ಕೂಸಿನ್ ಕಾಗ್ದ ಇರೋ ಕೂಸಿನ್ ಕೈಗೆ ಕೊಡ್ತೀರಲ್ಲ, ನಿಮ್ಗೇನ್ ಬುದ್ಧಿ ನೆಟ್ಟಗಿಲ್ವಾ? ತೆಗ್ದು ಒಳೀಕಿಡಿ ಅದ್ನ.”

“ಸುಮ್ಕಿರು. ನಂದು ಯಾವ್ ನಿಜ್ವಾದ್ ತಾರೀಕು? ತಲೆ ಮ್ಯಾಲಿಂದ ಕೈ ಆಕಿ ಆ ಕಡೆ ಕಿವಿ ಮುಟ್ಲಾ ಅಂದ್ರು ಮೇಷ್ಟ್ರು. ಮುಟ್ದೆ. ಏನೋ ಒಂದು ಬರ್ಕೊಂಡ್ರು. ಆ ತಾರೀಕಲ್ಲೇ ಓದ್ದೆ, ಆ ತಾರೀಕಲ್ಲೇ ಓಟಾಕ್ತಾ ಇವ್ನಿ. ನಾನೇನ್ ಸತ್ತೋದ್ನಾ?”

ಈ ಸೀಮೆಗೆ ಆ ಮಾತು ಹೊಸದಲ್ಲ. ನಮ್ಮ ಹಿರಿಯರಲ್ಲಿ ಮನೆಯಲ್ಲಿ ಹುಟ್ಟಿದ ದಿನ ಒಂದು, ಶಾಲೆಯಲ್ಲಿ ಹುಟ್ಟಿದ ದಿನ ಇನ್ನೊಂದು ಇಲ್ಲದವರು ಯಾರಿದ್ದಾರೆ? ನನ್ನ ಗಂಡ ಬಂದವರು ಎರಡನ್ನೂ ನೋಡಿ, “ಕಾಗ್ದ ಕಾಗ್ದನೇ ಕಣವ್ವ, ಬುಡು” ಎಂದು ಅವರಮ್ಮನಿಗೆ ಹೇಳಿ ಕೈ ತೊಳೆಯಲು ಹೋದರು.

ಮಾವ ಹೇಳಿದರು, ಗಂಡ ಒಪ್ಪಿದರು ಎಂದು ನಾನು ಜಾರಿಕೊಳ್ಳುವುದಿಲ್ಲ. ಮರುದಿನ ಪುರಸಭೆಯಲ್ಲಿ ಹೆಸರು ಸೇರಿಸುವ ಫಾರಂ ತುಂಬಿದ್ದು ನನ್ನ ಕೈ. ಸತ್ತವಳ ಜನನ ಪತ್ರದ ಖಾಲಿ ಜಾಗದಲ್ಲಿ ಬದುಕಿರುವವಳ ಹೆಸರನ್ನು ತಪ್ಪಿಲ್ಲದೆ ಬರೆದೆ. ನಾವೇ ತಂದೆ ತಾಯಿ, ನಾವೇ ಹೇಳಿದ ಹೆಸರು. ಕಚೇರಿಯವರು ಯಾಕೆ ಅನುಮಾನ ಪಡುತ್ತಾರೆ? ಬರೆಯುವಾಗ ಅವಳು ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತು ಗೋಡೆಯ ಮೇಲಿನ ನೋಟೀಸುಗಳನ್ನು ಓದುತ್ತಿದ್ದಳು.

ಪಾಂಡವಪುರದಿಂದ ಸ್ವಲ್ಪ ಆಚೆಗಿದ್ದ, ನಮ್ಮ ಪರಿಚಯದವರಿಲ್ಲದ ಒಂದು ಶಾಲೆಯಲ್ಲಿ ಸೇರಿಸಿಕೊಂಡರು. ಅವಳಿಗೆ ಹೊಸ ತಾರೀಕನ್ನು ಹೇಳಿಕೊಟ್ಟೆ.

“ನಾನು ಹುಟ್ಟಿದ್ದು ಧನುರ್ಮಾಸದಲ್ಲಿ ಅಂತ ಅಜ್ಜಿ ಹೇಳ್ತಾರೆ?”

“ಅದು ಮನೆ ಹುಟ್ಟಿದಬ್ಬ. ಇದು ಸ್ಕೂಲ್ ಹುಟ್ಟಿದಬ್ಬ.”

ಒಪ್ಪಿಕೊಂಡಳು. ಗೌರಿ ಹಬ್ಬದ ಹೊತ್ತಿಗೆ ಹುಬ್ಬು ಪೂರ್ತಿ ಬಂತು. ಮನೆಗೆ ಬಂದವಳು ಮಿಸ್ಸು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರುತ್ತಿದ್ದಳು. ಗೆದ್ದೆವು ಎಂದು ಮಾವ ಮೀಸೆ ತಿರುವಿದರು. ನಾನೂ ಹಾಗೇ ಅಂದುಕೊಂಡೆ, ಜನವರಿ ಬರುವವರೆಗೆ.

ಶಾಲೆಯಲ್ಲಿ ಹುಟ್ಟಿದ ದಿನಕ್ಕೆ ಯೂನಿಫಾರಂ ಬೇಡ, ಬಣ್ಣದ ಫ್ರಾಕು, ಕ್ಲಾಸಿಗೆಲ್ಲ ಚಾಕೊಲೇಟು. ನಾನೇ ಹೊಲಿದ ಫ್ರಾಕು ತೊಡಿಸಿ, ಚಾಕೊಲೇಟಿನ ಕವರು ಕೈಗಿಟ್ಟು ಶಾಲೆಯ ವ್ಯಾನಿಗೆ ಹತ್ತಿಸಿದೆ. ಒಳಗೆ ಬಂದು ಮಿಷನ್ನಿನ ಮುಂದೆ ಕೂತವಳಿಗೆ ಕಾಲು ಆಡಲಿಲ್ಲ. ಆವತ್ತು ನನ್ನ ಮೊದಲ ಮಗಳಿಗೆ ಏಳು ತುಂಬಿತ್ತು. ಅವಳು ಹೋದ ಮೇಲೆ ಆ ದಿನವನ್ನು ನಾವು ಬಾಯಲ್ಲೂ ಎತ್ತಿರಲಿಲ್ಲ. ಈಗ ಒಂದು ಕ್ಲಾಸಿನ ತುಂಬ ಮಕ್ಕಳು ಚಪ್ಪಾಳೆ ತಟ್ಟಿ ಅವಳಿಗೆ ಹಾಡು ಹೇಳುತ್ತಿದ್ದವು. ಸಂಜೆ ಮಗಳು ಉಳಿದಿದ್ದ ಒಂದು ಚಾಕೊಲೇಟನ್ನು ಅಜ್ಜಿಗೆ ಕೊಟ್ಟಳು. ಅತ್ತೆ ಅದನ್ನು ಬಾಯಿಗೆ ಹಾಕಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮರುದಿನ ಮೊದಲ ಬಸ್ಸಿಗೆ ಊರಿಗೆ ಹೋಗಿ, ಬದುವಿನ ಮೇಲೆ ಇಟ್ಟು ಬಂದರು.

ಎರಡನೇ ಕ್ಲಾಸಿನಲ್ಲಿ ಡಾಕ್ಟರುಗಳು ಶಾಲೆಗೆ ಬಂದು ಮಕ್ಕಳ ತೂಕ, ಎತ್ತರ ಅಳೆದರು. ಅವಳ ಚೀಟಿಯಲ್ಲಿ ಕೆಂಪು ಇಂಕಿನಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ ಎಂದು ಬರೆದಿತ್ತು. ಅವಳೇ ನನಗೆ ಓದಿ ಹೇಳಿದಳು. ದೊಡ್ಡಾಸ್ಪತ್ರೆಗೆ ತೋರಿಸಲೇಬೇಕು ಎಂದು ಶಾಲೆಯಿಂದ ಎರಡು ಸಲ ಫೋನು ಬಂತು. ಹೋದೆವು. ಡಾಕ್ಟರು ಗೆರೆಗಳಿದ್ದ ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟರು. ಎಲ್ಲ ಗೆರೆಗಳ ಕೆಳಗೆ, ಒಂಟಿಯಾಗಿ, ಚುಕ್ಕೆ.

“ಏಳೂವರೆ ವರ್ಷದ ಮಗುನಾ ಇದು? ಸರಿಯಾಗಿ ಊಟ ಹಾಕ್ತೀರೇನಮ್ಮ?”

ಐದೂವರೆ ಎಂದು ಹೇಳಿದ್ದರೆ ಚುಕ್ಕೆ ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ನಾನು ತಲೆ ತಗ್ಗಿಸಿದೆ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಸೂಜಿ ಚುಚ್ಚುವಾಗ ಅವಳು ನನ್ನ ಕಡೆ ನೋಡಿ, “ನನಗೇನಾಗಿದೆ ಅಮ್ಮ?” ಎಂದಳು. ಏನೂ ಇಲ್ಲ ಕಣವ್ವ ಎಂದೆ. ಏನೂ ಆಗಿಲ್ಲದ ಮಗು, ನನ್ನ ಸುಳ್ಳಿಗೆ ರಕ್ತ ಕೊಟ್ಟಿತು. ಅದೇ ಕಾರ್ತಿಕದಲ್ಲಿ ಅವಳಿಗೆ ಜ್ವರ ಬಂತು. ಮೂರು ದಿನ ಬಿಡಲಿಲ್ಲ. ಅತ್ತೆ ನನ್ನ ಮುಖ ನೋಡುವುದನ್ನೇ ಬಿಟ್ಟು ದೇವರ ಮುಂದೆ ಕೂತರು. ದೊಡ್ಡವಳು ತನ್ನ ಕಾಗದ ಕೇಳಲು ಬಂದಿದ್ದಾಳೆ, ಇವಳನ್ನೇ ಕರೆದುಕೊಂಡು ಹೋಗುತ್ತಾಳೆ ಎಂದು ನನಗೆ ಅನ್ನಿಸಿತು. ಓದಿದವಳು ನೀನು, ಹಾಗೆಲ್ಲ ಯೋಚಿಸಬಾರದು ಎನ್ನುವವರು ಆ ಮೂರು ದಿನ ನನ್ನ ಜಾಗದಲ್ಲಿ ಕೂರಬೇಕಿತ್ತು. ನಾಲ್ಕನೇ ದಿನ ಜ್ವರ ಬಿಟ್ಟಿತು. ಆವತ್ತೇ ಎಲ್ಲವನ್ನೂ ಸರಿಮಾಡಬೇಕಿತ್ತು. ಮಾಡಲಿಲ್ಲ. ಅವಳು ಶಾಲೆಗೆ ಹೋಗಬೇಕೆಂದು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

ಅವಳು ಮೂರನೇ ಕ್ಲಾಸಿಗೆ ಕಾಲಿಟ್ಟ ಜೂನಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಸರ್ಕಾರಿ ಶಾಲೆಯ ಮೇಡಂ ಒಬ್ಬರು ಮನೆಗೆ ಬಂದರು. ಶಾಲೆಗೆ ಸೇರದ ಮಕ್ಕಳ ಪಟ್ಟಿ ಹಿಡಿದು ಬೀದಿ ಬೀದಿ ತಿರುಗುತ್ತಿದ್ದರು. ಪಾಪ, ಬೆವರಿದ್ದರು. ಮಜ್ಜಿಗೆ ಕೊಟ್ಟೆ. ಕುಡಿದು ಪಟ್ಟಿ ಬಿಡಿಸಿದರು.

“ನಿಮ್ಮನೇಲಿ ಎರಡು ಹೆಣ್ಣುಮಕ್ಕಳ ಜನನ ಅದೆ. ದೊಡ್ಡದು ಮೂರನೇ ಕ್ಲಾಸು, ಸರಿ. ಚಿಕ್ಕದಕ್ಕೆ ಆರು ತುಂಬೋಯ್ತು, ಎಲ್ಲೂ ಸೇರ್ಸಿಲ್ವಲ್ಲ? ಹೆಸ್ರೂ ಇಲ್ಲ ಇದ್ರಲ್ಲಿ, ಬರೀ ಹೆಣ್ಣು ಮಗು ಅಂತ ಅದೆ. ಎಲ್ಲಿ ಮಗು?”

ಮಗು ನನ್ನ ಮಿಷನ್ನಿನ ಪಕ್ಕ ನೆಲದ ಮೇಲೆ ಕೂತು ಹೋಂವರ್ಕ್ ಬರೆಯುತ್ತಿತ್ತು.

ನಾನು ಮಾವನನ್ನು ನೋಡಿದೆ. ಮಾವ ನೆಲ ನೋಡುತ್ತ, ಟವೆಲಿನಿಂದ ಬಾಯಿ ಒರೆಸಿಕೊಂಡರು.

“ಅದು... ಓಗ್ಬುಡ್ತು ಕಣವ್ವ. ಕೂಸಿದ್ದಾಗ್ಲೇ.”

ಅಯ್ಯೋ ಎಂದರು ಮೇಡಂ. ಮರಣ ಪತ್ರ ಇದೆಯೇ ಎಂದು ಕೇಳಿ, ಇಲ್ಲ ಎಂದಾಗ, “ಪರವಾಗಿಲ್ಲ, ಬರೀತೀನಿ, ತಾಯಿ ಒಂದು ಸೈನ್ ಹಾಕ್ಲಿ” ಎಂದು ಒಂದು ಸಾಲು ಬರೆದು ಪೆನ್ನು ನನ್ನ ಕಡೆ ಚಾಚಿದರು. ಪೆನ್ನು ಕೈಗೆ ಬಂತು. ಅತ್ತೆ ಗೋಡೆ ಹಿಡಿದುಕೊಂಡು ಕೂತರು. ಅಷ್ಟರಲ್ಲಿ ಮಗಳು ಎದ್ದು ಬಂದಳು. ಬರೆದ ಕಾಗದ ಎಲ್ಲಿ ಕಂಡರೂ ಅವಳು ಬರದೆ ಇರುವವಳಲ್ಲ. ಎದುರಿಗೆ ನಿಂತು, ತಲೆಕೆಳಗಾಗಿದ್ದ ಹಾಳೆಯನ್ನು, ಟೀ ಅಂಗಡಿಯಲ್ಲಿ ತಾತನ ಗೆಳೆಯರಿಗೆ ಓದುತ್ತಿದ್ದ ಅದೇ ದನಿಯಲ್ಲಿ ಓದಿದಳು.

“ಸದರಿ ಹೆಣ್ಣು ಮಗು ಮೃತಪಟ್ಟಿರುವುದಾಗಿ ಪೋಷಕರು ತಿಳಿಸಿರುತ್ತಾರೆ.”

ಅವಳ ಬೆರಳು ಅದರ ಮೇಲಿನ ತಾರೀಕಿಗೆ ಹೋಯಿತು.

“ಅಮ್ಮ, ಇದು ನನ್ನ ಮನೆ ಹುಟ್ಟಿದಬ್ಬ ಅಲ್ವಾ? ನಾನ್ ಯಾವಾಗ ಸತ್ತೋದೆ?”

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಅವಳನ್ನು ಎದೆಗೆ ಒತ್ತಿಕೊಂಡು, “ಹೊಡ್ದಾಕಿ ಮೇಡಂ, ಅದನ್ನ ಹೊಡ್ದಾಕಿ, ಇಲ್ಲೇ ಅವ್ಳೆ, ಇವ್ಳೇ ಅದು” ಎಂದದ್ದು ಮಾತ್ರ ನೆನಪಿದೆ. ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಮೇಡಂ ಎಲ್ಲವನ್ನೂ ಕೇಳಿ, ಬರೆದ ಸಾಲಿನ ಮೇಲೆ ಮೂರು ಸಲ ಗೆರೆ ಎಳೆದರು.

ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಅವಳ ಶಾಲೆಯ ಹೆಡ್‌ಮಿಸ್ಸು ಬೈದರು, ಆಮೇಲೆ ಸಮಾಧಾನ ತಂದುಕೊಂಡು ಅವಳದೇ ಜನನ ಪತ್ರ ತನ್ನಿ, ಒಂದನೇ ಕ್ಲಾಸಿಗೆ ಹಾಕಿಕೊಳ್ಳುತ್ತೇವೆ, ಮೂರನೇ ಕ್ಲಾಸಿನಲ್ಲಿರುವ ದೊಡ್ಡವಳ ಹೆಸರು ತೆಗೆಯಲು ಮರಣ ಪತ್ರ ಬೇಕು ಎಂದರು. ಅದನ್ನು ಮಾಡಿಸಲು ಪುರಸಭೆಗೆ ಹೋದಾಗ, ಅಲ್ಲಿನ ಗುಮಾಸ್ತರು ಕಡತ ನೋಡಿ, ಮೆಲ್ಲಗೆ ಹೇಳಿದರು. “ನೋಡಮ್ಮ, ಜನನದಲ್ಲಿ ಯಾವ ಹೆಸ್ರು ಅದ್ಯೋ ಮರಣದಲ್ಲೂ ಅದೇ ಬರೋದು. ನೀವೇ ಸೇರ್ಸಿದ್ದಲ್ವಾ? ಒಂದ್ಸಲ ಸೇರ್ಸಿದ್ಮೇಲೆ ತೆಗ್ಯೋಕಾಗಲ್ಲ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮರಣ ಪತ್ರ ನನ್ನ ಬದುಕಿರುವ ಮಗಳ ಹೆಸರಿನಲ್ಲಿ ಬರುತ್ತದೆ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು, ಅದೇ ಹೆಸರಿನವಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು.

ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಜೊತೆಗೆ ಬಂದಿದ್ದ ಮಗಳಿಗೆ ಎಲ್ಲ ಹೇಳಿದ್ದು ಅಲ್ಲಿಯೇ. ಅಕ್ಕ ಇದ್ದದ್ದು, ಜ್ವರ, ಬದು, ಖಾಲಿ ಜಾಗ. ಆರೂವರೆಯ ಮಗುವಿಗೆ ಹೇಳುವ ಮಾತೇ ಅದು? ಆದರೆ ಹೇಳದಿದ್ದರೆ ಯಾವುದಾದರೂ ಕಾಗದದಲ್ಲಿ ಅವಳೇ ಓದಿಕೊಳ್ಳುತ್ತಾಳೆ. ಅವಳು ಅಳಲಿಲ್ಲ. ಎರಡು ಬೆರಳು ಹುಬ್ಬಿಗೆ ಹೋದವು. ನಾನು ಆ ಕೈ ಹಿಡಿದುಕೊಂಡೆ.

“ಅಕ್ಕನಿಗೆ ಹೆಸ್ರೇ ಇರ್ಲಿಲ್ವಾ?”

“ಇರ್ಲಿಲ್ಲ.”

“ಹಂಗಾರೆ ಅದು ಅಕ್ಕಂಗೇ ಇರ್ಲಿ ಬುಡು. ನಂಗೆ ಬ್ಯಾರೆ ಇಡು.”

ಮಾವ ಬೇಡವೆಂದು ಜಗಳ ತೆಗೆದರು. ಬೆಟ್ಟದ ಮೇಲೆ ಮುಡಿ ಕೊಟ್ಟು ಇಟ್ಟ ಹೆಸರು ಎಂದರು. ಎರಡು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನ ಪರವಾಗಿ ಬಾಯಿ ತೆಗೆದರು. ಒಂದು ಶನಿವಾರ ಎಲ್ಲರೂ ಮತ್ತೆ ಮೇಲುಕೋಟೆಗೆ ಹೋಗಿ ಬಂದೆವು. ಸೋಮವಾರ ಪುರಸಭೆಯಲ್ಲಿ, ಅವಳದೇ ಜನನ ಪತ್ರಕ್ಕೆ ಹೆಸರು ಸೇರಿಸುವ ಫಾರಂ ಕೊಟ್ಟಾಗ, ಖಾಲಿ ಜಾಗವನ್ನು ತುಂಬಲು ನನ್ನ ಕೈ ಬರಲಿಲ್ಲ. ಪೆನ್ನು ಅವಳಿಗೆ ಕೊಟ್ಟೆ. ತಾನೇ ಆರಿಸಿಕೊಂಡ ಹೆಸರನ್ನು ಮೂರನೇ ಕ್ಲಾಸಿನ ದುಂಡು ಅಕ್ಷರದಲ್ಲಿ ಬರೆದು ಒಂದನೇ ಕ್ಲಾಸಿಗೆ ಸೇರಿದಳು. ಮರಣ ಪತ್ರ ಬರುವುದಕ್ಕೆ ಇನ್ನೂ ಐದು ತಿಂಗಳು ಹಿಡಿಯಿತು. ಬಂದದ್ದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಹತ್ತಿರ ಇದೆ.

ಈಗಿನ ಮಿಸ್ಸು ಒಳ್ಳೆಯವರು. ಪಾಠ ಮುಗಿದವಳಿಗೆ ಕತೆ ಪುಸ್ತಕ ಕೊಟ್ಟು ಬೇರೆ ಮಕ್ಕಳಿಗೆ ಓದಿ ಹೇಳು ಎನ್ನುತ್ತಾರಂತೆ. ಆದರೂ ದಿನಾ ಸಂಜೆ ಜಡೆ ಬಿಚ್ಚುವ ನೆಪದಲ್ಲಿ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ಹುಬ್ಬು ನೋಡುತ್ತೇನೆ.

ಅತ್ತೆಗೆ ಮಾತ್ರ ಹೊಸ ಹೆಸರು ಇನ್ನೂ ನಾಲಿಗೆಗೆ ಹತ್ತಿಲ್ಲ. ಅನ್ನಕ್ಕೆ ಕರೆಯುವಾಗ ಮರೆತು ಹಳೆಯ ಹೆಸರನ್ನೇ ಗಟ್ಟಿಯಾಗಿ ಕೂಗಿಬಿಡುತ್ತಾರೆ. ಮಗಳು ಪುಸ್ತಕದಿಂದ ತಲೆ ಎತ್ತುವುದಿಲ್ಲ. ಅದು ತನ್ನನ್ನಲ್ಲ ಎಂದು ಅವಳಿಗೆ ಗೊತ್ತು. ಕೂಗಿದ ಮೇಲೆ ಅತ್ತೆಯೂ ನಾನೂ, ಕೈಯಲ್ಲಿದ್ದ ಕೆಲಸ ಹಾಗೇ ಬಿಟ್ಟು, ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತೇವೆ.